ಟೆಕ್ಸಾಸ್ ಘರಾಣೆ

ಮಾರ್ಚ್ 22, ಶನಿವಾರ, ಬೆಳಿಗ್ಗೆ 11.20. ಲಂಡನ್ನಿನ ಎಜ್‌ವೇರ್‌ನ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಕಾಕಾನ ಮಗ ನಿಂತಿದ್ದ. ವಯಸ್ಸು ಇಪ್ಪತ್ತಾರು, ಊರು ಟೆಕ್ಸಾಸ್, ಮೊಣಕಾಲಿನ ಹತ್ತಿರ ಹರಿದ ಪ್ಯಾಂಟು, ಬೆನ್ನಿಗೆ ಗಿಟಾರಿನ ಪೆಟ್ಟಿಗೆ, ಕೈಯಲ್ಲಿ ಒಂದು ಸಣ್ಣ ಆಂಪ್ಲಿಫೈಯರು. ಎಂಬತ್ತೆರಡು ವರ್ಷದ ಆಯಿ, ಅಂದರೆ ಅವನ ಅಪ್ಪನನ್ನೂ ನನ್ನ ಅಪ್ಪನನ್ನೂ ಹೆತ್ತವಳು, ಸೋಫಾದಿಂದ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಮೊಮ್ಮಗನಿಗೆ ಅಂದಳು:

"ಬರ್ರಿ. ಪ್ರಯಾಣದಾಗ ತ್ರಾಸ ಆಗ್ಲಿಲ್ಲಲ್ಲರೀ?"

ನಾನು ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು ಗಂಟೆ ಬರೆದುಕೊಂಡೆ. ಒಂದು ಕೌನ್ಸಿಲ್‌ನಲ್ಲಿ, ಅಂದರೆ ಇಲ್ಲಿನ ನಗರಸಭೆಯಲ್ಲಿ, ಪಾರ್ಕಿಂಗ್ ದಂಡದ ವಿರುದ್ಧ ಬರುವ ದೂರುಗಳನ್ನು ವಿಂಗಡಿಸುವುದು ನನ್ನ ಕೆಲಸ. ದಿನವಿಡೀ ಎಣಿಸುವವರಿಗೆ ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಆ ದಿನ ಮಲಗುವಷ್ಟರಲ್ಲಿ ಆಯಿ ಅವನಿಗೆ ಹಚ್ಚಿದ ಬಹುವಚನ ನಲವತ್ತೊಂದು.

ಕಾರಣ ಅವನ ಹೆಸರು. ನಮ್ಮ ಅಜ್ಜ ಧಾರವಾಡದ ಹೆಸರಾಂತ ಗಾಯಕ. ಎಷ್ಟು ಹೆಸರಾಂತ ಎಂದರೆ, ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಂಡತಿ ಗಂಡನ ಹೆಸರು ಹೇಳಬಾರದು, ಸೊಸೆ ಮಾವನ ಹೆಸರು ಹೇಳಬಾರದು, ಮಕ್ಕಳಿಗೆ ಧೈರ್ಯವಿಲ್ಲ. ಅಜ್ಜ ತೀರಿಕೊಂಡ ಮರುವರ್ಷ ಕಾಕಾನಿಗೆ ಟೆಕ್ಸಾಸಿನಲ್ಲಿ ಗಂಡು ಮಗು ಹುಟ್ಟಿತು. ತೊಟ್ಟಿಲಲ್ಲಿ ಹಾಕಿ ಅದೇ ಹೆಸರಿಟ್ಟರು. ಹಿರಿಯರ ಹೆಸರು ಹೊತ್ತ ಮಗುವನ್ನು ಬೈಯಬಾರದು, ಬೈದರೆ ಬೈಗುಳ ಹಿರಿಯರಿಗೆ ಮುಟ್ಟುತ್ತದೆ ಎಂಬುದು ನಮ್ಮವರ ಲೆಕ್ಕ. ಹಾಗಾಗಿ ಈ ಮನುಷ್ಯ ಇಪ್ಪತ್ತಾರು ವರ್ಷ ಒಂದೇ ಒಂದು ಬೈಗುಳ ತಿನ್ನದೆ ಬೆಳೆದಿದ್ದಾನೆ. ಹಾಲು ಚೆಲ್ಲಿದರೂ ಛಲೋ, ಗಣಿತದಲ್ಲಿ ಫೇಲಾದರೂ ಛಲೋ.

ಆಯಿ ಅವನನ್ನು 'ಇವರು' ಎನ್ನುತ್ತಾಳೆ. ನನ್ನ ಅಪ್ಪ 'ಅಪ್ಪಾಜಿ' ಎನ್ನುತ್ತಾನೆ. ನನ್ನ ಅವ್ವ 'ಸಣ್ಣ ಮಾವನೋರು' ಎನ್ನುತ್ತಾಳೆ. ಸಣ್ಣ ಮಾವನೋರು ಬಂದ ಎರಡನೆಯ ದಿನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಪ್ಯಾಕೆಟ್ಟಿನಿಂದ ನೇರವಾಗಿ ಚಿಪ್ಸ್ ತಿನ್ನುತ್ತಿದ್ದರು, ಅವ್ವ ತಲೆ ತಗ್ಗಿಸಿ ಅವರ ಪಾದದ ಸುತ್ತ ಒರೆಸಿಕೊಂಡು ಹೋದಳು. ಅದೇ ಕಟ್ಟೆಯ ಮೇಲೆ ನಾನು ಕೂತಿದ್ದರೆ ಏನಾಗುತ್ತಿತ್ತು ಎಂಬುದು ನನಗೆ ಗೊತ್ತು, ಹಳೆಯ ನೋಟ್‌ಬುಕ್ಕುಗಳಲ್ಲಿ ದಿನಾಂಕ ಸಮೇತ ಇದೆ.

ನಾನು ಮಾತ್ರ ಅವನನ್ನು ಅಣ್ಣ ಎನ್ನುತ್ತೇನೆ. ನನಗಿಂತ ಮೂರು ವರ್ಷಕ್ಕೆ ದೊಡ್ಡವನು. ಅವನ ಕನ್ನಡ ಅವನ ಅವ್ವನ ಕನ್ನಡ, ಅವಳು ಧಾರವಾಡ ಬಿಟ್ಟ ದಿನ ಹೇಗಿತ್ತೋ ಹಾಗೇ ಇದೆ, ಮೇಲೆ ಸ್ವಲ್ಪ ಟೆಕ್ಸಾಸಿನ ಎಳೆತ. ಹಗಲಿಗೆ ಅವನು ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ, ವಾರಾಂತ್ಯಕ್ಕೆ ಬಾರುಗಳಲ್ಲಿ ಬ್ಲೂಸ್ ಗಿಟಾರು ಬಾರಿಸುತ್ತಾನೆ. ಬಂದ ಮೂರನೆಯ ದಿನ ಆಯಿಯ ಮೇಲಿನ ಹಲ್ಲಿನ ಸೆಟ್ಟು ಸಡಿಲಾಗಿದ್ದನ್ನು ನೋಡಿ, ತಾನೇ ತಂದ ಸಣ್ಣ ಅರದಿಂದ ಉಜ್ಜಿ, ಏನೋ ಹಚ್ಚಿ, ಕೂರಿಸಿಕೊಟ್ಟ.

"ಹೆಂಗೈತಿ ಆಯಿ?"

"ಭಾಳ ಛಲೋ ಆಗೈತ್ರಿ" ಎಂದಳು ಆಯಿ.

ಅವನು ನಮ್ಮಲ್ಲಿಗೆ ಬಂದದ್ದಕ್ಕೆ ನೆಪ, ಇಲ್ಲಿನ ಒಂದು ಕನ್ನಡ ಸಂಘದ ಯುಗಾದಿ ಕಾರ್ಯಕ್ರಮ. ಏಪ್ರಿಲ್ 5, ಶನಿವಾರ, ವೆಂಬ್ಲಿಯ ಒಂದು ಶಾಲೆಯ ಸಭಾಂಗಣ, ಮುಕ್ಕಾಲು ಗಂಟೆ ಅವನದು. ಅದಕ್ಕಾಗಿ ದಿನಾ ಸಂಜೆ ಐದರಿಂದ ಆರರವರೆಗೆ ನಮ್ಮ ಹಾಲಿನಲ್ಲಿ ಅಭ್ಯಾಸ. ನಾನು ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಎಳೆದೆ: ಹೊಗಳಿಕೆ, ತೆಗಳಿಕೆ. ಮೊದಲ ವಾರದ ಮೊತ್ತ ಹೀಗಿತ್ತು. ಹೊಗಳಿಕೆ ಅರವತ್ತಮೂರು, ಅದರಲ್ಲಿ ಅಪ್ಪನದೇ ನಲವತ್ತು. ತೆಗಳಿಕೆ ಒಂದು, ಅದು ಕೆಳಗಿನ ಫ್ಲ್ಯಾಟಿನವರು ಪೊರಕೆಯ ಹಿಡಿಕೆಯಿಂದ ತಮ್ಮ ಸೂರಿಗೆ ಕುಟ್ಟಿದ್ದು. ಅಪ್ಪ ಕಣ್ಣುಮುಚ್ಚಿ ಕೇಳುತ್ತಿದ್ದವನು ಅದಕ್ಕೂ ತಲೆದೂಗಿದ.

"ಕೇಳ್ರಿ, ಅವರೂ ತಾಳಾ ಹಾಕಾಕತ್ತಾರ" ಎಂದ.

ಮಾರ್ಚ್ 25, ಮಂಗಳವಾರ, ಸಂಜೆ 6.10ಕ್ಕೆ ಸಂಘದ ಕಾರ್ಯದರ್ಶಿಯ ಫೋನು ಬಂತು. ಬೆಂಗಳೂರಿನವರು. ಅಷ್ಟರಲ್ಲಿ ಅವರು ಕಳಿಸಿದ ಪ್ರಕಟಣೆ ನನ್ನ ಫೋನಿನಲ್ಲಿತ್ತು. ಅದರಲ್ಲಿ ಅಣ್ಣನ ಹೆಸರು, ಹೆಸರಿನ ಮುಂದೆ 'ಪಂಡಿತ್', ಕೆಳಗೆ 'ಟೆಕ್ಸಾಸ್ ಘರಾಣೆ', ಮಧ್ಯದಲ್ಲಿ ಶಾಲು ಹೊದ್ದು ಕೈ ಎತ್ತಿದ ನಮ್ಮ ಅಜ್ಜನ ಫೋಟೋ.

"ಮೇಡಂ, ನೋಡಿದ್ರಾ? ಸೂಪರಾಗಿ ಬಂದಿದೆ."

"ನೋಡಿದೆ ಸರ್. ಆ ಫೋಟೋ ನಮ್ಮ ಅಜ್ಜಂದು."

"ಹೌದಾ? ಹೆಸರು ಹಾಕಿ ಹುಡುಕಿದ್ವಿ, ಇದೇ ಬಂತು. ನಾನೂ ನೋಡ್ದೆ, ಸ್ವಲ್ಪ ವಯಸ್ಸಾದ ಹಾಗಿದೆ ಅಂತ. ಟೆಕ್ಸಾಸ್‌ನಲ್ಲಿ ಬಿಸಿಲು ಜಾಸ್ತಿ ಅಲ್ವಾ, ಇರ್ಬೇಕು ಅಂದ್ಕೊಂಡೆ."

"ಅವರು ತೀರ್ಕೊಂಡು ಇಪ್ಪತ್ತೇಳು ವರ್ಷ ಆಯ್ತು."



"ಪರ್ವಾಗಿಲ್ಲ ಬಿಡಿ ಮೇಡಂ, ಹೆಸರು ಅದೇ ತಾನೇ. ಈಗ್ಲೇ ನೂರ ಅರವತ್ತು ಜನ ಬರ್ತೀವಿ ಅಂದಿದಾರೆ. ಹೋದ ವರ್ಷ ಮ್ಯಾಜಿಕ್ ಶೋ ಇಟ್ಟಿದ್ವಿ, ಅರವತ್ತು ದಾಟ್ಲಿಲ್ಲ."

"ಮತ್ತೆ ಘರಾಣೆ ಅಂತ ಯಾಕೆ ಹಾಕಿದ್ರಿ?"

"ಅವರೇ ಅಲ್ವಾ ಬರ್ದು ಕಳಿಸಿದ್ದು, ಟೆಕ್ಸಾಸ್ ಸ್ಟೈಲ್ ಅಂತ. ಸಂಗೀತದಲ್ಲಿ ಸ್ಟೈಲ್ ಅಂದ್ರೆ ಘರಾಣೆ. ಶೈಲಿ ಅಂತ ಹಾಕಿದ್ರೆ ಹೇರ್‌ಕಟ್ ಥರ ಕೇಳ್ಸುತ್ತೆ."

ಸ್ಪೀಕರಿನಲ್ಲಿ ಇದನ್ನೆಲ್ಲ ಕೇಳುತ್ತಿದ್ದ ಅಣ್ಣ ನಗಲಿಲ್ಲ. ಗಿಟಾರಿನ ತಂತಿ ಒರೆಸುತ್ತ ಕೂತ. ಅವನು ನಗದೆ ಇದ್ದದ್ದು ಯಾಕೆಂದು ಮೂರು ದಿನದ ಮೇಲೆ ತಿಳಿಯಿತು. ಅಂದು ಇಬ್ಬರೂ ಸಭಾಂಗಣ ನೋಡಲು ವೆಂಬ್ಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು, ಮೇಲಿನ ಅಂತಸ್ತಿನಲ್ಲಿ, ಮುಂದಿನ ಸೀಟಿನಲ್ಲಿ.

"ತಂಗೆವ್ವ, ನಿನ್ನ ಬುಕ್ಕಿನಾಗ ನಾ ಛಲೋ ಬಾರಸ್ತೀನಿ ಅಂತ ಎಷ್ಟ ಮಂದಿ ಅಂದಾರ?"

"ನಿನ್ನೆತನಕಾ ಐವತ್ತೆಂಟು."

"ಕೆಟ್ಟ ಬಾರಸ್ತೀನಿ ಅಂತ?"

"ಪೊರಕಿ ಒಂದ."

"ನೀ ಏನಂತಿ?"

"ನನಗ ಸಂಗೀತ ತಿಳಿಯಂಗಿಲ್ಲ ಅಣ್ಣ. ನಾ ಬರೇ ಎಣಸ್ತೀನಿ."

ಆಮೇಲೆ ವಿಷಯ ಹೇಳಿದ. ಅವರ ಊರಿನ ಒಂದು ಬ್ಯಾಂಡು ಅವನನ್ನು ಎರಡನೆಯ ಗಿಟಾರಿಗೆ ಕರೆದಿತ್ತು. ಎಂಟು ತಿಂಗಳ ತಿರುಗಾಟ. ಹೋಗುವುದಾದರೆ ಹಲ್ಲಿನ ಲ್ಯಾಬು ಬಿಡಬೇಕು. ಏಪ್ರಿಲ್ 7ರ ಸೋಮವಾರದೊಳಗೆ ಉತ್ತರ ಕೊಡಬೇಕು. ಅವನಿಗೆ ಬೇಕಾದದ್ದು ಒಂದೇ: ತಾನು ನಿಜವಾಗಿ ಬಾರಿಸಬಲ್ಲನೋ ಇಲ್ಲವೋ ಎಂದು ಸಂಗೀತ ಗೊತ್ತಿದ್ದವರು ಯಾರಾದರೂ ಮುಖಕ್ಕೆ ಹೇಳಬೇಕು.

"ಟೆಕ್ಸಾಸಿನಾಗ ಹೇಳೂದಿಲ್ಲೇನು? ಅಲ್ಲಿ ನಿನ್ನ ಹೆಸರು ಯಾರಿಗೂ ಗೊತ್ತಿಲ್ಲ."

"ಅಲ್ಲಿ ಬ್ಯಾರೆ ತ್ರಾಸ. ಯಾವ ಬಾರಿಗೆ ಹೋದ್ರೂ ಗ್ವಾಡಿ ಮ್ಯಾಲ ಒಬ್ಬ ಸತ್ತ ಗಿಟಾರದವನ ಫೋಟೋ ಇರತೈತಿ. ಬಾರಿಸಿದವರಿಗೆಲ್ಲಾ 'ಥೇಟ್ ಅವನ ನೋಡು' ಅಂತಾರ. ಇಲ್ಲಿ ಬಂದ್ರ ನೀವು 'ಥೇಟ್ ಅಜ್ಜ' ಅಂತೀರಿ. ಆ ಬ್ಯಾಂಡಿನವರಿಗೆ ನಮ್ಮಪ್ಪ ಮೊದಲ ಫೋನ್ ಮಾಡಿ ಹೇಳಿಬಿಟ್ಟಾನ, ಏಳು ತಲಿಮಾರಿನ ಸಂಗೀತ ನಮ್ಮದು ಅಂತ. ಅದನ್ನ ಪೋಸ್ಟರಿನ ಮ್ಯಾಲ ಹಾಕತಾರಂತ."

ಇಲ್ಲಿ ಒಂದು ತಿದ್ದುಪಡಿ ಅಗತ್ಯ. ಅಜ್ಜನ ಅಪ್ಪ ಕಿರಾಣಿ ಅಂಗಡಿ ಇಟ್ಟಿದ್ದ. ಅವನ ಅಪ್ಪನೂ ಕಿರಾಣಿ. ಅದರ ಹಿಂದಿನದು ಯಾರಿಗೂ ಗೊತ್ತಿಲ್ಲ, ಆದರೆ ಬೇಳೆ ಬೆಲ್ಲವೇ ಇರಬೇಕು. ನನ್ನ ಅಪ್ಪ ಹಾಡಿದರೆ ಅವ್ವ ಕಿಟಕಿ ಮುಚ್ಚುತ್ತಾಳೆ. ಏಳು ತಲೆಮಾರಿನಲ್ಲಿ ಸಂಗೀತ ಒಂದು, ಹೆಚ್ಚೆಂದರೆ ಒಂದೂವರೆ.

"ಆಯಿನ್ನ ಕೇಳೂಣು ಅಂತ ಬಂದೀನಿ" ಎಂದ ಅಣ್ಣ. "ಆಕೀಗೆ ಗೊತ್ತಾಗತೈತಿ."

ಅದು ನಿಜ. ಮೂವತ್ತನಾಲ್ಕು ವರ್ಷ ಆಯಿ ಅಜ್ಜನ ಹಿಂದೆ ಕೂತು ತಂಬೂರಿ ಮೀಟಿದವಳು. ಫೋಟೋಗಳಲ್ಲಿ ಅವಳ ಅರ್ಧ ಮುಖ ಮಾತ್ರ ಇದೆ, ಉಳಿದರ್ಧ ಅಜ್ಜನ ಎತ್ತಿದ ಕೈಯ ಹಿಂದೆ. ನಮ್ಮ ಕುಕ್ಕರಿನ ಸೀಟಿ ಯಾವ ಸ್ವರದಲ್ಲಿದೆ ಎಂದು ಈಗಲೂ ಹೇಳುತ್ತಾಳೆ. ನಾರ್ದರ್ನ್ ಲೈನಿನ ಟ್ಯೂಬು ರೈಲಿನ ಬಾಗಿಲು ಮುಚ್ಚುವಾಗಿನ ಸದ್ದು ಕೇಳಿ ಒಮ್ಮೆ ಮುಖ ಸಿಂಡರಿಸಿದ್ದಳು. ಆದರೆ ಅಣ್ಣ ಹಾಲಿನಲ್ಲಿ ದಿನಾ ಒಂದು ಗಂಟೆ ಬಾರಿಸಿ "ಹೆಂಗಾತು ಆಯಿ?" ಎಂದು ಕೇಳಿದರೆ ಉತ್ತರ ಒಂದೇ: "ಭಾಳ ಛಲೋ ಆತ್ರಿ." ಹದಿಮೂರು ದಿನ, ಹದಿಮೂರು ಸಲ. ಹಲ್ಲಿನ ಸೆಟ್ಟಿಗೆ ಸಿಕ್ಕ ಮಾತೇ ಗಿಟಾರಿಗೂ.

ಏಪ್ರಿಲ್ 5. ಕಾರ್ಯಕ್ರಮ ನಾಲ್ಕಕ್ಕೆ ಎಂದಿತ್ತು, 4.50ಕ್ಕೆ ಶುರುವಾಯಿತು. ಕುರ್ಚಿ ಇನ್ನೂರ ಹತ್ತು, ಜನ ನೂರ ಎಂಬತ್ತೇಳು, ಅವರಲ್ಲಿ ಶಾಲು ಹೊದ್ದವರು ಇಪ್ಪತ್ತಾರು. ಈಸ್ಟ್ ಹ್ಯಾಮ್‌ನಿಂದ ಉಡುಪಿ ಕಡೆಯ ಹೋಟೆಲಿನವರು ತಂದಿಟ್ಟ ಗೋಳಿಬಜೆಯ ವಾಸನೆ ಹಿಂದಿನ ಮೇಜಿನಿಂದ ಬರುತ್ತಿತ್ತು. ಕಾರ್ಯದರ್ಶಿ ಪರಿಚಯ ಭಾಷಣ ಮಾಡಿದರು. ಹನ್ನೊಂದು ನಿಮಿಷ ಅಜ್ಜನ ಬಗ್ಗೆ, ಕೊನೆಯ ಇಪ್ಪತ್ತು ಸೆಕೆಂಡು "ಅದೇ ಪರಂಪರೆ ಇಂದು ನಮ್ಮ ಮುಂದೆ" ಎಂದು. ಅಣ್ಣ ಹರಿದ ಪ್ಯಾಂಟಿನಲ್ಲೇ ವೇದಿಕೆಗೆ ಬಂದು ಮೈಕು ಹಿಡಿದ.

"ನಮಸ್ಕಾರ್ರಿ. ಆ ಫೋಟೋದಾಗಿನವರು ನಾ ಅಲ್ಲ."

ಸಭೆ ಚಪ್ಪಾಳೆ ತಟ್ಟಿತು. ನನ್ನ ಹಿಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರಿಗೆ ಅಂದರು: "ಎಂಥಾ ವಿನಯ ನೋಡಿ. ಅವರೂ ಹೀಗೇ ಇದ್ರಂತೆ."

ಮೊದಲ ಹಾಡಿಗೆ ಆಂಪ್ಲಿಫೈಯರು ಕಿರುಚಿದಾಗ ಶಾಲಿನವರು ಒಮ್ಮೆ ಹಿಂದಕ್ಕೆ ವಾಲಿ ಮತ್ತೆ ಮುಂದಕ್ಕೆ ಬಂದರು. ಯಾರೂ ಎದ್ದು ಹೋಗಲಿಲ್ಲ. ಹೆಸರು ಅಷ್ಟು ಭಾರವಾಗಿತ್ತು. ಎರಡನೆಯ ಹಾಡಿನಲ್ಲಿ ಅವನು ಒಂದು ತಂತಿಯನ್ನು ಮೇಲಕ್ಕೆ ಎಳೆದು, ಪೂರ್ತಿ ಮುಟ್ಟಿಸದೆ, ನಡುವೆಯೇ ಬಿಟ್ಟ. ನನಗೆ ಸಂಗೀತ ತಿಳಿಯದಿದ್ದರೂ ಎಣಿಸುತ್ತಿದ್ದ ಲೆಕ್ಕ ತಪ್ಪಿತು. ಅದಕ್ಕೆ ಯಾರೂ ವಾಹ್ ಅನ್ನಲಿಲ್ಲ. ಹಿಂದಿನ ಸಾಲಿನವರು ಆ ಹೊತ್ತಿಗೆ ರಾಗದ ಜಗಳದಲ್ಲಿದ್ದರು.

"ಇದು ಧಾನಿ ಕಣ್ರೀ."

"ಧಾನಿ ಎಲ್ಲಿ ಬಂತು? ಎರಡು ಗಾಂಧಾರ ಕೇಳ್ತಿಲ್ವಾ ನಿಮಗೆ? ಜೋಗ್."

"ಟೆಕ್ಸಾಸ್ ಘರಾಣೆಯಲ್ಲಿ ಧಾನಿಗೂ ಎರಡು ಹಾಕ್ತಾರೇನೋ."

ಮೂರನೆಯ ಹಾಡಿನಿಂದ ವಾಹ್‌ಗಳು ಶುರುವಾದವು. ಒಟ್ಟು ಮೂವತ್ತೊಂದು. ಅಣ್ಣ ಒಂದು ಕ್ಷಣ ಗಿಟಾರಿನ ತಲೆಯ ಕಡೆ ನೋಡಿದ, ಆಮೇಲೆ ಸಭೆಯ ಕಡೆ ನೋಡಿ ನಕ್ಕು ಮುಂದುವರಿಸಿದ. ನನಗೆ ಗೊತ್ತಾದದ್ದು ಅಷ್ಟೇ. ಆದರೆ ನನ್ನ ಪಕ್ಕದಲ್ಲಿ ಕೂತಿದ್ದ ಆಯಿಯ ಬಲಗೈ ತೊಡೆಯ ಮೇಲಿನಿಂದ ಎದ್ದು ಕಿವಿಯ ಎತ್ತರಕ್ಕೆ ಹೋಗಿ, ಗಾಳಿಯಲ್ಲಿ ಏನನ್ನೋ ಹಿಡಿದು ತಿರುವಿ, ಕೆಳಗಿಳಿಯಿತು. ತಂಬೂರಿಯ ತಂತಿ ಬಿಗಿಯುವ ಬಿರಡೆ ಇರುವ ಎತ್ತರ ಅದು. ಮೂರು ಸಲ ಹಾಗಾಯಿತು. ಬರೆದುಕೊಂಡೆ.

ಮುಗಿದಾಗ ಸಭೆ ಎದ್ದು ನಿಂತಿತು. ಅಪ್ಪ ಇದನ್ನು ಇಂದಿಗೂ ಎದ್ದುನಿಂತು ಕೊಟ್ಟ ಗೌರವ ಎಂದೇ ಹೇಳುತ್ತಾನೆ. ನನ್ನ ಎಣಿಕೆಯಲ್ಲಿ ನಿಂತವರು ನೂರ ಎಪ್ಪತ್ತು, ನಿಂತ ಮೇಲೆ ಗೋಳಿಬಜೆಯ ಕಡೆ ತಿರುಗಿದವರು ನೂರ ಇಪ್ಪತ್ತೆರಡು.

ಸಂಜೆ 7.35. ಮನೆ. ಅವ್ವ ರೊಟ್ಟಿ, ಝುಣಕ ಬಡಿಸುತ್ತಿದ್ದಳು. ಅಪ್ಪ ಇನ್ನೂ ಕೋಟು ಬಿಚ್ಚಿರಲಿಲ್ಲ.

"ಅಪ್ಪಾಜಿ, ಇವತ್ತ ನಮ್ಮ ಮನಿತನದ ಹೆಸರು ಉಳಿಸಿದ್ರಿ."

"ಆಯಿ" ಎಂದ ಅಣ್ಣ, "ಹೆಂಗಾತು?"

ಹದಿನಾಲ್ಕನೆಯ ಸಲ. ನಾನು ಹೊಗಳಿಕೆಯ ಅಂಕಣದಲ್ಲಿ ಗೀಟು ಹಾಕಲು ಪೆನ್ನು ಇಟ್ಟಾಗಿತ್ತು.

ಆಯಿ ರೊಟ್ಟಿಯ ತುಂಡು ತಟ್ಟೆಯಲ್ಲಿ ಇಟ್ಟಳು.

"ಏ, ಇಲ್ಲೆ ಬಾ ನೀ."

ಅವ್ವನ ಕೈಯ ಸೌಟು ಪಾತ್ರೆಯ ಮೇಲೆಯೇ ನಿಂತಿತು. ಅಪ್ಪ ತನ್ನನ್ನೇ ಕರೆದಳೆಂದು ಎರಡು ಹೆಜ್ಜೆ ಮುಂದೆ ಬಂದ. ಆಯಿ ಅವನನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು.

"ನಿನ್ನಲ್ಲ. ಅವನ್ನ. ಮೂರನೇದ್ದರಾಗ ಎರಡನೇ ತಂತಿ ಇಳದಿತ್ತು. ನಿನಗ ಕೇಳಸ್ತೋ ಇಲ್ಲೋ?"

"ಕೇಳಸ್ತು."

"ಮತ್ತ ಯಾಕ ನಿಂದರಲಿಲ್ಲ?"

"ಮಂದಿ ವಾಹ್ ಅನ್ನಾಕತ್ತಿದ್ರು, ಆಯಿ."

"ಮಂದಿ ನಿನಗ ಅಂದ್ರೇನು, ಖೋಡಿ? ಅವರಿಗೆ ಅಂದ್ರು. ಸತ್ತವರಿಗೆ ತಂತಿ ಇಳದ್ರೇನು, ಏರಿದ್ರೇನು? ಬಾರಸಾವ ನೀ ಇದ್ದಿ."

"ಅವ್ವಾ, ಹೆಸರು ಹೊತ್ತ ಹುಡುಗಗ ಹಂಗ ಅನಬಾರದು" ಎಂದ ಅಪ್ಪ.

"ನೀ ಸುಮ್ಮನಿರೋ. ನಿನ್ನ ಕಿವಿ ಯಾವಾಗರ ನೆಟ್ಟಗಿತ್ತು?" ಆಯಿ ಮತ್ತೆ ಅಣ್ಣನ ಕಡೆ ತಿರುಗಿದಳು. "ಮೊದಲನೇದು ಬರೇ ಗದ್ದಲ. ನಾಕನೇದ್ದರಾಗ ಕೈ ಓಡಾಕತ್ತಿತ್ತು, ಬಸ್ಸು ತಪ್ಪತೈತೆನ್ನಾಂಗ. ಎರಡನೇದ್ದರಾಗ ಒಂದ ಕಡೆ ತಂತಿ ಎಳದು ನಡುವ ಬಿಟ್ಟೆಲ್ಲಾ, ಅದು ಛಲೋ ಇತ್ತು. ಅದು ಅವರ ಹತ್ರ ಇದ್ದಿದ್ದಿಲ್ಲ. ಅದನ್ನ ಇಟ್ಕೋ."

ಅಣ್ಣ ನೆಲದ ಮೇಲೆ ಅವಳ ಕಾಲ ಬಳಿ ಕೂತುಬಿಟ್ಟ. ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ ಬೈಸಿಕೊಂಡವನ ಮುಖ ಹೇಗಿರುತ್ತದೆ ಎಂದು ನಾನು ಬರೆದುಕೊಳ್ಳಲು ಹೋದೆ, ಅಂಕಣ ಸಾಲಲಿಲ್ಲ.

"ಇನ್ನೊಂದು" ಎಂದಳು ಆಯಿ. ಬಾಯಿಗೆ ಕೈ ಹಾಕಿ ಮೇಲಿನ ಹಲ್ಲಿನ ಸೆಟ್ಟು ತೆಗೆದು ಅವನ ಅಂಗೈಯಲ್ಲಿ ಇಟ್ಟಳು. ಹಲ್ಲಿಲ್ಲದ ಬಾಯಲ್ಲಿ ಮುಂದಿನ ಮಾತು ಮೆತ್ತಗೆ ಬಂತು. "ಇದು ಚುಚ್ಚತೈತಿ. ನೀ ಮಾಡಿಕೊಟ್ಟಾಗಿಂದ."

"ಹನ್ನೆರಡ ದಿನ ಆತಲ್ಲ ಆಯಿ. ಯಾಕ ಹೇಳಲಿಲ್ಲ?"

"ಹೆಂಗ ಹೇಳಲಿ?"

ಅಣ್ಣ ನಕ್ಕ, ಆಮೇಲೆ ಮೂಗು ಒರೆಸಿಕೊಂಡ. ಅರ ತಂದು ಅಲ್ಲೇ ಉಜ್ಜಲು ಕೂತ. ಒಂದು ಸಲ ಹಾಕಿ ನೋಡಿದಳು, "ಇನ್ನೂ ಚುಚ್ಚತೈತಿ" ಎಂದಳು. ಎರಡನೆಯ ಸಲ, "ಎಡಕ್ಕ." ಮೂರನೆಯ ಸಲ ಏನೂ ಹೇಳದೆ ರೊಟ್ಟಿ ಮುರಿದಳು. ಹೊಗಳಿಕೆಯ ಅಂಕಣದಲ್ಲಿ ನಾನು ಅದನ್ನೇ ಹಾಕಿದೆ.

ಆಯಿ ರೊಟ್ಟಿ ಅಗಿಯುತ್ತ ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ. "ಹುಬ್ಬಳ್ಳ್ಯಾಗ ಒಮ್ಮೆ ಅವರದೂ ಹಿಂಗ ಆಗಿತ್ತು. ನನ್ನ ತಂಬೂರಿ ಇಳದಿತ್ತು. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಂದಿ ವಾಹ್ ಅಂತ ಕುಂತಿದ್ರು. ಒಂದ ತಾಸು ಹಂಗ ಹಾಡಿದ್ರು, ನಾ ಹಂಗ ಮೀಟಿದೆ. ಇಬ್ಬರೂ ನಿಂದರಲಿಲ್ಲ. ಮನಿಗೆ ಬಂದು ಕೇಳಿದ್ರು, ಹೆಂಗಾತು ಅಂತ. ಭಾಳ ಛಲೋ ಆತ್ರಿ ಅಂದೆ."

ಅಪ್ಪ ಕೊನೆಗೂ ಕೋಟು ಬಿಚ್ಚಿದ.

"ಹಂಗಾರ ನಾ ಬ್ಯಾಂಡಿಗೆ ಹೋಗ್ಲೋ ಬ್ಯಾಡೋ?" ಎಂದ ಅಣ್ಣ.

"ಅದನ್ನ ನನಗೇನು ಕೇಳ್ತಿ? ತಂತಿ ಇಳದ್ರ ನಿಂದರತೀನಿ ಅಂದ್ರ ಹೋಗು. ಇಲ್ಲಂದ್ರ ಹಲ್ಲು ಮಾಡು. ಅದರಾಗ ಚುಚ್ಚಿದ್ರ ಮಂದಿ ಹೇಳತಾರ."

ಏಪ್ರಿಲ್ 6, ಭಾನುವಾರ, ಮಧ್ಯಾಹ್ನ 3.15ಕ್ಕೆ ಅವನು ನಮ್ಮ ಬಾಲ್ಕನಿಯಿಂದ ಬ್ಯಾಂಡಿನ ಹಿರಿಯನಿಗೆ ಫೋನು ಮಾಡಿದ. ಬರುತ್ತೇನೆ ಎಂದ. ಎರಡು ಷರತ್ತು ಹಾಕಿದ. ತಂತಿ ಇಳಿದರೆ ಹಾಡಿನ ನಡುವೆಯೂ ನಿಲ್ಲಿಸಿ ಸರಿಮಾಡಿಕೊಳ್ಳುತ್ತೇನೆ, ಮತ್ತು ಪೋಸ್ಟರಿನಿಂದ ಏಳು ತಲೆಮಾರು ತೆಗೆಯಬೇಕು. ಮೊದಲನೆಯದಕ್ಕೆ ಆಚೆಯವನು, ಅದನ್ನು ಕೇಳುವ ಅಗತ್ಯವೇ ಇಲ್ಲ ಎಂದನಂತೆ. ಎರಡನೆಯದಕ್ಕೆ, ಪೋಸ್ಟರು ಆಗಲೇ ಅಚ್ಚಾಗಿದೆ ಎಂದನಂತೆ. ಕಾರ್ಯದರ್ಶಿಗಳು ಎಲ್ಲ ಊರಿನಲ್ಲೂ ಒಂದೇ ಕಾರ್ಖಾನೆಯಿಂದ ಬರುತ್ತಾರೆ ಎಂದು ಕಾಣುತ್ತದೆ.

ಸೋಮವಾರ ಬೆಳಿಗ್ಗೆ 8.05ಕ್ಕೆ ಟ್ಯಾಕ್ಸಿ ಬಂತು. ಆಯಿ ಬಾಗಿಲಲ್ಲಿ ನಿಂತು "ಹೋಗಿ ಬಾ, ಪ್ಯಾಂಟು ಹೊಲಿಸ್ಕೋ" ಎಂದಳು. ಅಂತಿಮ ಲೆಕ್ಕ: ಶನಿವಾರ ಸಂಜೆ 7.35ರ ಮುಂಚೆ ಬಹುವಚನ ನಾನೂರ ಹನ್ನೆರಡು, ಏಕವಚನ ಸೊನ್ನೆ. ಆಮೇಲೆ ಏಕವಚನ ಐವತ್ತೇಳು, ಬಹುವಚನ ಸೊನ್ನೆ. ಅವ್ವ ಮಾತ್ರ ಇನ್ನೂ ಸಣ್ಣ ಮಾವನೋರು ಎನ್ನುತ್ತಾಳೆ, ಆದರೆ ಅಡುಗೆಮನೆಯ ಕಟ್ಟೆಯಿಂದ ಇಳಿಯಿರಿ ಎಂದು ಕೊನೆಯ ದಿನ ಒಮ್ಮೆ ಅಂದಳು.

ಹೋಗುವ ಮುಂಚೆ ಅಣ್ಣ ನನಗೊಂದು ಕೆಲಸ ಒಪ್ಪಿಸಿ ಹೋಗಿದ್ದಾನೆ. ಅಜ್ಜ ತಪ್ಪಿದ ಕಡೆಗಳ ಪಟ್ಟಿ ಬೇಕಂತೆ, ಅವನು ತಿರುಗಾಟದಲ್ಲಿ ಗಿಟಾರಿನ ಪೆಟ್ಟಿಗೆಯೊಳಗೆ ಅಂಟಿಸಿಕೊಳ್ಳಲು. ಹೊಸ ಪುಟ ತೆರೆದಿದ್ದೇನೆ. ಸದ್ಯ ಅದರಲ್ಲಿ ಇರುವುದು ಒಂದೇ ಸಾಲು: ಹುಬ್ಬಳ್ಳಿ, ತಂಬೂರಿ, ಒಂದು ತಾಸು. ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಎಂದರೆ ನಾನು ನಂಬುವುದಿಲ್ಲ, ಆಯಿಯೂ ನಂಬುವುದಿಲ್ಲ. ಅವಳು ನೆನಪಿಸಿಕೊಳ್ಳುತ್ತಿದ್ದಾಳೆ.

ಆದ್ದರಿಂದ ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆಯ ಹಿರಿಯರಲ್ಲಿ, ನಮ್ಮ ಅಜ್ಜ ಬೇಸೂರಾಗಿ ಹಾಡಿದ್ದನ್ನು, ತಾಳ ತಪ್ಪಿದ್ದನ್ನು, ಪದ ಮರೆತು ಆಲಾಪದಲ್ಲಿ ಮುಚ್ಚಿಕೊಂಡದ್ದನ್ನು ಕಿವಿಯಾರೆ ಕೇಳಿದವರು ಇದ್ದರೆ, ಊರು ಮತ್ತು ವರ್ಷ ಸಮೇತ ಈ ಪುಸ್ತಕದ ಪ್ರಕಾಶಕರಿಗೆ ನನ್ನ ಹೆಸರಲ್ಲಿ ಬರೆಯಿರಿ. ಯಾವ ಅಜ್ಜ ಎಂದು ಕೇಳಬೇಡಿ. ಆಯಿಗೆ ಇದನ್ನು ಓದಿ ಹೇಳಬೇಕಾದವಳು ನಾನೇ, ಆ ಹೆಸರು ಬರೆಯಲಾರೆ. ಕೇಳಿದವರಿಗೆ ತಿಳಿಯುತ್ತದೆ. ಹೊಗಳಿಕೆ ಕಳಿಸಬೇಡಿ, ಅದು ನಮ್ಮಲ್ಲಿ ಮೂರು ಟ್ರಂಕು ಇದೆ.